ಅಮೀನಗಡದ ಅಂಟು

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಸಿಹಿ ಎಂದಕೂಡಲೇ ಅರಮನೆ ನೆನಪಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಮೈಸೂರು ಪಾಕ್ ಮಾಡಿದ ಕಥೆಯನ್ನು ಕೇಳದೆ ನಮ್ಮೂರಿನ ಮಕ್ಕಳು ದೊಡ್ಡವರಾಗುವುದಿಲ್ಲ. ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲಿ, ಸಯ್ಯಾಜಿರಾವ್ ರಸ್ತೆಯಲ್ಲಿ, ಆ ಮನೆತನದವರ ಅಂಗಡಿ ಈಗಲೂ ನಡೆಯುತ್ತಿದೆ. ದಸರೆ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೊರೆಯ ತಟ್ಟೆಯಿಂದ ಇಳಿದುಬಂದ ತಿನಿಸು ನಮ್ಮ ಮನೆಯ ತಟ್ಟೆಗೂ ಬಂತು ಅನ್ನುವ ಹೆಮ್ಮೆ ನನಗೆ ಚಿಕ್ಕಂದಿನಿಂದ ಇದೆ, ಅದನ್ನು ಬಿಟ್ಟುಕೊಡುವುದೂ ಇಲ್ಲ.

ಬಾಗಲಕೋಟೆ ಸೀಮೆಗೆ ಹೋಗಿಬಂದಾಗಿನಿಂದ ಇನ್ನೊಂದು ಸಿಹಿ ತಲೆಯೊಳಗೆ ಕೂತಿದೆ. ಅದು ದೊರೆಗಾಗಿ ಹುಟ್ಟಿದ್ದಲ್ಲ. ಹೆತ್ತು ಸುಸ್ತಾಗಿ ಮಲಗಿದ ಹೆಂಗಸಿನ ಸೊಂಟಕ್ಕೆ ಬಲ ಬರಲಿ ಎಂದು ತವರಿನವರು ಮಾಡಿಕೊಡುತ್ತಿದ್ದ ತಿನಿಸು. ಗುಹೆ, ಗುಡಿ, ಶಾಸನಗಳ ನೆನಪುಗಳು ಆಗಲೇ ತಮ್ಮತಮ್ಮ ಜಾಗ ಹಿಡಿದು ಕೂತಿವೆ. ಕರದಂಟು ಮಾತ್ರ ಇನ್ನೂ ಕಾಡುತ್ತಿದೆ.

ಹೋದದ್ದು ಗೆಳತಿಯ ಮಗಳ ಕುಬುಸಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಸೀಮಂತಕ್ಕೆ. ಹುಡುಗಿಯ ತವರು ಬಾಗಲಕೋಟೆ, ಕೊಟ್ಟ ಮನೆ ಇಳಕಲ್. ಏಳನೇ ತಿಂಗಳಲ್ಲಿ ತವರಿನವರು ಸೀರೆ, ಖಣ, ತಿಂಡಿ ಹೊತ್ತುಕೊಂಡು ಗಂಡನ ಮನೆಗೆ ಹೋಗಬೇಕು. ಮೈಸೂರಿನಿಂದ ಬಸವ ಎಕ್ಸ್‌ಪ್ರೆಸ್ ಹತ್ತಿ ಬಾಗಲಕೋಟೆಯಲ್ಲಿ ಇಳಿದಾಗ ಗೆಳತಿ ನಿಲ್ದಾಣಕ್ಕೇ ಬಂದಿದ್ದಳು. ಜೊತೆಗೆ ಅವಳ ತಾಯಿ. ಎಪ್ಪತ್ತು ದಾಟಿದ ಜೀವ, ಅವರನ್ನು ಮನೆಮಂದಿಯೆಲ್ಲ ಅವ್ವ ಅನ್ನುತ್ತಾರೆ, ನಾನೂ ಹಾಗೇ ಅಂದೆ. “ಬಾರವಾ ತಂಗಿ, ದೂರದಿಂದ ಬಂದಿ, ಮೊದ್ಲ ಒಂದೀಟು ಚಾ ಕುಡಿ” ಎಂದು ಕೈಹಿಡಿದು ನಡೆಸಿಕೊಂಡು ಹೋದರು.

ಮನೆ ಇರುವುದು ನವನಗರದಲ್ಲಿ. ಸೆಕ್ಟರುಗಳಾಗಿ ಹಂಚಿದ, ಅಗಲ ರಸ್ತೆಗಳ ಹೊಸ ಊರು. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು. ಅವ್ವನ ಹಳೇ ಮನೆ ಅದರಲ್ಲಿ ಹೋಯಿತು. ಮಧ್ಯಾಹ್ನ ಊಟವಾದ ಮೇಲೆ ಅವರು ಆ ಮನೆಯ ನಕ್ಷೆಯನ್ನು ಬಾಯಲ್ಲೇ ಬರೆದು ತೋರಿಸಿದರು. ತಲೆಬಾಗಿಲು, ಪಡಸಾಲೆ, ದನ ಕಟ್ಟುವ ಜಾಗ, ಅಡುಗೆಮನೆಯ ಆಚೆಗೆ ಬೆಳಕಿಲ್ಲದ ಒಂದು ಕೋಣೆ. ಅವರು ಐದೂ ಮಕ್ಕಳನ್ನು ಹೆತ್ತದ್ದು ಆ ಕೋಣೆಯಲ್ಲಿ. ಹೊರಸಿನ ಕೆಳಗೆ ಕೆಂಡ, ಕೆಂಡದ ಮೇಲೆ ಓಂಕಾಳು ಮತ್ತು ಬೆಳ್ಳುಳ್ಳಿ ಸಿಪ್ಪೆ, ಕಿವಿ ಮುಚ್ಚುವಂತೆ ಸುತ್ತಿದ ಬಟ್ಟೆ. ಉಣ್ಣಲಿಕ್ಕೆ ಅಳ್ವಿ ಪಾಯಸ, ಸಜ್ಜಕ, ಬಿಸಿ ರೊಟ್ಟಿ ತುಪ್ಪ. ಬೆಳಿಗ್ಗೆ ಎದ್ದ ಕೂಡಲೇ ಒಂದು ಅಂಟಿನುಂಡಿ. “ನಮ್ಮವ್ವ ಎಣಿಸಿ ಇಟ್ಟಿರತಿದ್ಲು. ನಲವತ್ತು ದಿನಕ್ಕ ನಲವತ್ತು. ಒಂದ ಕಡಿಮಿ ಆದ್ರ ಬೈಸ್ಕೊಂತಿದ್ದೆ” ಎಂದರು.

ಈಗ ಯಾರು ಮಾಡುತ್ತಾರೆ ಎಂದು ಕೇಳಿದೆ. ಗೆಳತಿ ಶಾಲೆಯಲ್ಲಿ ಪಾಠ ಮಾಡುವವಳು, ಅವ್ವನ ಕೈಗೆ ಒರಳು ಎತ್ತುವ ಶಕ್ತಿ ಇಲ್ಲ, ಒರಳು ಕೂಡ ಹಿನ್ನೀರಿನಲ್ಲಿ ಉಳಿಯಿತು. “ಅಮೀನಗಡಕ್ಕ ಹೇಳೂದು” ಎಂದಳು ಗೆಳತಿ.

ಕುಬುಸಕ್ಕೆ ಇನ್ನೂ ಸಮಯವಿತ್ತು. ಬಾದಾಮಿ ನೋಡದೆ ಹೋಗಬಾರದು ಎಂದು ಅವಳೇ ಹೊರಡಿಸಿದಳು. ಮೂರನೆಯ ಗುಹೆಯ ಮುಂದೆ ಬಹಳ ಹೊತ್ತು ನಿಂತೆ. ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಲೇಶ 578ರಲ್ಲಿ ಮಾಡಿಸಿದ್ದೆಂದು ಶಾಸನವೇ ಹೇಳುವ ಗುಹೆ ಅದು. ಕಾಲ ಇಷ್ಟು ಖಚಿತವಾಗಿ ಗೊತ್ತಿರುವ ಗುಹಾಲಯಗಳು ನಮ್ಮಲ್ಲಿ ಹೆಚ್ಚಿಲ್ಲ. ಕಂಬದ ಮೇಲಿನ ಬೋದಿಗೆಗಳಲ್ಲಿ ಗಂಡುಹೆಣ್ಣುಗಳು ಮರದ ನೆರಳಲ್ಲಿ ಒಬ್ಬರಿಗೊಬ್ಬರು ಆತುಕೊಂಡು ನಿಂತಿದ್ದಾರೆ. ಕೆಳಗೆ ಅಗಸ್ತ್ಯತೀರ್ಥದ ಮೆಟ್ಟಿಲಿನ ಮೇಲೆ ಊರ ಹೆಂಗಸರು ಬಟ್ಟೆ ಸೆಳೆಯುವ ಸದ್ದು ಬಂಡೆಗೆ ಬಡಿದು ವಾಪಸು ಬರುತ್ತಿತ್ತು. ಕೆಂಪು ಮರಳುಗಲ್ಲಿನ ಆ ಬೆಟ್ಟಗಳ ಬಗ್ಗೆ ಎಷ್ಟೋ ಜನ ಎಷ್ಟೋ ಬರೆದಿದ್ದಾರೆ, ನಾನು ಅದಕ್ಕೆ ಸೇರಿಸುವಂಥದ್ದು ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆರೆಯ ಈಚೆಗಿನ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಇರುವ ಲಜ್ಜಾಗೌರಿ. ಹತ್ತಿರದ ನಾಗನಾಥಕೊಳ್ಳದಿಂದ ತಂದಿಟ್ಟ ಚಾಲುಕ್ಯರ ಕಾಲದ ಮೂರ್ತಿ. ಹೆರಿಗೆಗೆ ಕುಳಿತ ಹೆಂಗಸಿನ ಭಂಗಿ, ಎರಡೂ ಕಾಲು ಬದಿಗೆ ಮಡಿಸಿದ್ದಾಳೆ, ತಲೆಯ ಜಾಗದಲ್ಲಿ ಅರಳಿದ ಕಮಲ. ಮುಖವಿಲ್ಲದ ಈ ತಾಯಿಯ ಬಗ್ಗೆ ಮರಾಠಿಯ ಸಂಶೋಧಕ ರಾ. ಚಿಂ. ಢೇರೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹೊಟ್ಟೆಯ ಮೇಲೆ ಕಲ್ಲು ಎಷ್ಟು ನಯವಾಗಿದೆಯೆಂದರೆ ಕಲ್ಕುಟಿಗನ ಕೈ ಅಲ್ಲಿ ನಿಧಾನವಾಗಿ ಓಡಿದ್ದು ಗೊತ್ತಾಗುತ್ತದೆ. ಕೊರಳಲ್ಲಿ ಹಾರ, ತೋಳಲ್ಲಿ ಬಂದಿ. ಹೆರುವ ಹೊತ್ತಿನಲ್ಲೂ ಆಭರಣ ತೊಡಿಸಿ ಕೂರಿಸಿದ್ದಾರೆ. ಅವ್ವ ಅದರ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದರು. ಕಾವಲಿನವನು ಏನೂ ಅನ್ನಲಿಲ್ಲ.

ಅಲ್ಲಿಂದ ಬನಶಂಕರಿಗೆ ಬಂದಾಗ ಹೊಟ್ಟೆ ಹಸಿದಿತ್ತು. ಬನದ ಹುಣ್ಣಿಮೆಯ ತೇರು ಮುಗಿದಿದ್ದರೂ ಜಾತ್ರೆ ಮುಗಿದಿರಲಿಲ್ಲ. ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ಸಾಲಾಗಿ ನಿಂತಿದ್ದವು, ಧ್ವನಿವರ್ಧಕದಲ್ಲಿ ಒಂದು ನಾಟಕದ ಹಾಡಿನ ಮೇಲೆ ಇನ್ನೊಂದು ನಾಟಕದ ಸಂಭಾಷಣೆ ಬೀಳುತ್ತಿತ್ತು. ಹರಿದ್ರಾತೀರ್ಥದ ಕಟ್ಟೆಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸರು ಕೂಗಿ ಕರೆಯುತ್ತಿದ್ದರು. ಒಬ್ಬಾಕೆ ಅಂಗೈ ಅಗಲಕ್ಕಿಂತ ಬಹಳ ದೊಡ್ಡದಾದ ಸಜ್ಜೆ ರೊಟ್ಟಿಯ ಮೇಲೇ ಬದನೆಕಾಯಿ ಪಲ್ಯ, ಮಡಕೆಕಾಳು, ಕೆಂಪು ಚಟ್ನಿ, ಶೇಂಗಾ ಪುಡಿ ಬಡಿಸಿ, ಸಣ್ಣ ಮಣ್ಣಿನ ಗಡಿಗೆಯಿಂದ ಗಟ್ಟಿ ಮೊಸರು ಹಾಕಿದಳು. ತಟ್ಟೆಯೂ ರೊಟ್ಟಿಯೇ, ಊಟವೂ ರೊಟ್ಟಿಯೇ. ಈ ಬನಶಂಕರಿ ಶಾಕಂಬರಿ. ತೇರಿಗೆ ಮೊದಲು ಪಲ್ಯೇದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಯ ಮಾಡಿ ಅವಳಿಗೆ ಎಡೆ ಮಾಡುತ್ತಾರೆ. ಮಳೆ ಕಡಿಮೆ ಬೀಳುವ ನಾಡು ತನ್ನ ದೇವಿಗೆ ಕೊಡುವುದು ತರಕಾರಿ. ಬಂಗಾರಕ್ಕಿಂತ ದೊಡ್ಡ ಕಾಣಿಕೆ ಇಲ್ಲಿ ಅದೇ ಅನ್ನುವುದು ಬಿಸಿಲಿನಲ್ಲಿ ಕೂತು ಉಂಡಾಗ ಮನಸ್ಸಿಗೆ ನಾಟಿತು.

ಮರುದಿನ ಮುಂಜಾನೆ ಪಟ್ಟದಕಲ್ಲಿನ ದಾರಿ ಹಿಡಿದೆವು. ಎರಡೂ ಕಡೆ ಹಿಂಗಾರಿ ಜೋಳ ತೆನೆ ಹೊತ್ತು ನಿಂತಿತ್ತು. ಒಂದು ಹೊಲದ ಬದುವಿನಲ್ಲಿ ಗೆಳತಿಯ ಪರಿಚಯದ ರೈತರು ಸೀತನಿ ಸುಡುತ್ತಿದ್ದರು. ಹಾಲುದುಂಬಿದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹೂತು, ಬಿಸಿಯಿರುವಾಗಲೇ ಉಜ್ಜಿ ಕಾಳು ಉದುರಿಸಿ, ಶೇಂಗಾ ಚಟ್ನಿ ಹಚ್ಚಿ ಕೈಗೆ ಸುರಿದರು. ಹಸಿರು ಕಾಳು, ಒಳಗೆ ಹಾಲು, ಹೊರಗೆ ಹೊಗೆ ವಾಸನೆ. ನಮ್ಮ ಕಡೆ ರಾಗಿಯ ಹಾಲುತೆನೆಯನ್ನು ಹೀಗೇ ಸುಟ್ಟು ತಿನ್ನುತ್ತಿದ್ದೆವು, ಈಗ ನಮ್ಮ ಹಳ್ಳಿಯಲ್ಲಿ ಅದು ಅಪರೂಪ. ಇಲ್ಲಿ ಇನ್ನೂ ನೆಂಟರನ್ನು ಕರೆದು ತಿನ್ನಿಸುತ್ತಾರೆ.

ಪಟ್ಟದಕಲ್ಲು, ಐಹೊಳೆ ದಾಟಿದೆವು. ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿರುವ ರವಿಕೀರ್ತಿಯ 634ರ ಶಾಸನದ ಮೇಲೆ, ಅಕ್ಷರ ತಿಳಿಯದಿದ್ದರೂ, ಸಾಲು ಸಾಲಾಗಿ ಕಣ್ಣಾಡಿಸಿದೆ. ಪುಲಿಕೇಶಿಯ ದಿಗ್ವಿಜಯಗಳೆಲ್ಲ ಅಲ್ಲಿವೆ. ಅವ್ವ ಮೇಲೆ ಹತ್ತಲಿಲ್ಲ, ಕೆಳಗೆ ನೆರಳಲ್ಲಿ ಕೂತರು. ಅವರಿಗೆ ಹೋಗಬೇಕಿದ್ದದ್ದು ಸಿದ್ಧನಕೊಳ್ಳಕ್ಕೆ.

ಸಿದ್ಧನಕೊಳ್ಳ ಬಂಡೆಗಳ ನಡುವಿನ ಇಳಿಜಾರು. ಮಳೆಗಾಲದಲ್ಲಿ ಮೇಲಿಂದ ನೀರು ಧುಮುಕುತ್ತದೆ, ನಾವು ಹೋದಾಗ ಬಂಡೆ ಒಣಗಿತ್ತು. ಅಲ್ಲಿಯೂ ಲಜ್ಜಾಗೌರಿ ಇದ್ದಾಳೆ. ಬಾದಾಮಿಯಲ್ಲಿ ಆಕೆಯ ಮುಂದೆ ಫಲಕವಿತ್ತು, ಇಲ್ಲಿ ಕುಂಕುಮ, ಹೂವು, ಎಣ್ಣೆಯ ಜಿಡ್ಡು. ಮಕ್ಕಳಾಗದವರು ಬೇಡಿಕೊಳ್ಳುತ್ತಾರೆ, ಆದವರು ಹರಕೆ ತೀರಿಸುತ್ತಾರೆ. ನಮಗಿಂತ ಮೊದಲೇ ಬಂದಿದ್ದ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಅತ್ತೆಯ ಜೊತೆ ನಿಂತು ಕಣ್ಣು ಮುಚ್ಚಿದ್ದಳು. ಅವ್ವ ಅವಳ ಬೆನ್ನು ಸವರಿ, ಹೆಸರು ಕೂಡ ಕೇಳದೆ, “ಆಗತೈತಿ ಬಿಡವಾ, ಆಕಿ ಕೊಡ್ತಾಳ” ಎಂದರು. ಒಂದೇ ದೇವಿ, ಸಂಗ್ರಹಾಲಯದಲ್ಲಿ ಒಂದು ಬಾಳು ಬಾಳುತ್ತಾಳೆ, ಹಳ್ಳದಲ್ಲಿ ಇನ್ನೊಂದು. ಎರಡರಲ್ಲಿ ಯಾವುದನ್ನು ಆರಿಸುತ್ತೀಯ ಎಂದರೆ ನಾನು ಹಳ್ಳದ್ದನ್ನೇ ಆರಿಸುತ್ತೇನೆ.

ಅಮೀನಗಡ ಅಲ್ಲಿಂದ ದೂರವಿಲ್ಲ. ಹುನಗುಂದ ತಾಲ್ಲೂಕಿನ ಈ ಊರು ಎರಡು ವಿಷಯಕ್ಕೆ ಹೆಸರುವಾಸಿ: ಕುರಿಸಂತೆ ಮತ್ತು ಕರದಂಟು. ಬಸ್ಸು ನಿಲ್ಲುವ ಕಡೆಯಿಂದಲೇ ಕರದಂಟಿನ ಬೋರ್ಡುಗಳು ಶುರುವಾಗುತ್ತವೆ. ಐಹೊಳ್ಳಿ ಮನೆತನದವರು 1907ರಲ್ಲಿ ಇಲ್ಲಿ ಕರದಂಟು ಮಾಡಿ ಮಾರಲು ಶುರುಮಾಡಿದರು. ಇವತ್ತಿನ ವಿಜಯಾ ಕರದಂಟು ಅವರದು. ತಲೆಮಾರುಗಳು ಕಳೆದು ಡಬ್ಬಿಗಳು ಕಡಲಾಚೆಗೂ ಹೋಗುತ್ತವೆ. ಅವರ ಹಿಂದೆಯೇ ಊರಿನಲ್ಲಿ ಇನ್ನೆಷ್ಟೋ ಮನೆಗಳು ಈ ಕಸುಬು ಹಿಡಿದವು. ಗೋಕಾಕದವರು ಕರದಂಟು ತಮ್ಮೂರಿನದೇ ಎನ್ನುತ್ತಾರೆ, ಅವರ ಕರದಂಟಿಗೂ ಅಷ್ಟೇ ಹೆಸರಿದೆ. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಗೋಕಾಕ ಮತ್ತು ಅಮೀನಗಡದ ಕರದಂಟು. ಉತ್ತರ ಕರ್ನಾಟಕದ ಊರುಗಳು ತಮ್ಮ ಹೆಸರನ್ನು ಸಿಹಿಯ ಜೊತೆ ಕಟ್ಟಿಕೊಂಡಿರುವ ರೀತಿ ನನಗೆ ಬಹಳ ಪ್ರೀತಿ.

ಅವ್ವ ನಮ್ಮನ್ನು ಕರೆದೊಯ್ದದ್ದು ಓಣಿಯೊಳಗಿನ ಒಂದು ಸಣ್ಣ ಅಂಗಡಿಗೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಕೋಣೆ. ಗಂಡ ಗಲ್ಲೆಯ ಮೇಲೆ, ಹೆಂಡತಿ ತೂಕಕ್ಕೆ, ಅತ್ತೆ ಒಲೆಯ ಮುಂದೆ. ಕಾಲೇಜಿಗೆ ಹೋಗುವ ಮಗ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದ. ಕೂಲಿಗೆ ಬರುವ ಇಬ್ಬರು ಹೆಂಗಸರು ಗೋಡಂಬಿ, ಉತ್ತತ್ತಿ ಹೆಚ್ಚುತ್ತಿದ್ದರು. “ಬರ್ರಿ ಒಳಗ, ಕುಂದರ್ರಿ. ತಿನ್ರಿ ಮೊದ್ಲ, ರೊಕ್ಕದ ಮಾತ ಆಮ್ಯಾಲ” ಎಂದು ಅತ್ತೆ ಕೈಗೆ ಒಂದೊಂದು ತುಂಡು ಕೊಟ್ಟರು. ಅವರೂ ಅವ್ವನೂ ಹಳೇ ಗುರುತು.

ಒಲೆಯ ಮೇಲೆ ಅಗಲ ಕಡಾಯಿ, ತುಪ್ಪ ಕಾದಿತ್ತು. ಅತ್ತೆ ಒಂದು ಮೊರದಲ್ಲಿ ಅಂಟು ಆರಿಸುತ್ತಿದ್ದರು. ಜಾಲಿಯ ತೊಗಟೆಯಿಂದ ಒಸರಿ ಗಟ್ಟಿಯಾದ ಹರಳುಗಳು, ಕೆಲವು ನೀರಿನ ಬಣ್ಣ, ಕೆಲವು ಕಾಕಂಬಿಯ ಬಣ್ಣ. ತೊಗಟೆಯ ಚೂರು, ಮಣ್ಣು ಅಂಟಿದ್ದನ್ನು ಉಗುರಿನಿಂದ ಬಿಡಿಸಿ ಬದಿಗಿಟ್ಟು, ದೊಡ್ಡ ಹರಳನ್ನು ಕುಟ್ಟಿ ಒಂದೇ ಗಾತ್ರಕ್ಕೆ ತಂದರು. ಆಮೇಲೆ ಒಂದು ಹಿಡಿ ತುಪ್ಪಕ್ಕೆ ಬಿಟ್ಟರು. ತಳಕ್ಕೆ ಇಳಿದ ಹರಳು ಕ್ಷಣದಲ್ಲಿ ಚಟಚಟ ಎಂದು ಮೇಲೆದ್ದು ಜೋಳದ ಅರಳಿನಂತೆ ಬಿಳುಪಾಗಿ ಉಬ್ಬಿತು. ಜಾಲರಿ ಸೌಟಿನಲ್ಲಿ ತೆಗೆದು, ಒಂದನ್ನು ಎರಡು ಬೆರಳ ನಡುವೆ ಇಟ್ಟು ಹಿಚುಕಿದರು, ಪುಡಿಯಾಯಿತು. ತುಪ್ಪ ಸರಿಯಾಗಿ ಕಾಯದಿದ್ದರೆ ಹೊರಗೆ ಉಬ್ಬಿ ಒಳಗೆ ಕಲ್ಲು ಉಳಿಯುತ್ತದೆ, ತಿಂದವರ ಹಲ್ಲಿಗೆ ಮೆತ್ತುತ್ತದೆ. ಹೆಚ್ಚು ಕಾದರೆ ಕಮಟು. ಅದಕ್ಕೆ ಗಡಿಯಾರ ಇಲ್ಲ. ತುಪ್ಪದ ಮೇಲೆ ಅಂಗೈ ಹಿಡಿದು ಅವರು ನಿರ್ಧಾರ ಮಾಡುತ್ತಿದ್ದರು.

ಇನ್ನೊಂದು ಒಲೆಯಲ್ಲಿ ಬೆಲ್ಲ ಕರಗುತ್ತಿತ್ತು. ಪಾಕವನ್ನು ನೀರಿಗೆ ಹನಿಸಿ ನೋಡಿ, ಹುರಿದ ಕೊಬ್ಬರಿ ತುರಿ, ಗಸಗಸೆ, ಗೋಡಂಬಿ, ಬಾದಾಮಿ, ಅಂಜೂರ, ಉತ್ತತ್ತಿ, ಕರಬೂಜದ ಬೀಜ ಸುರಿದರು. ಕೊನೆಗೆ ಅಂಟು, ಏಲಕ್ಕಿ, ಜಾಜಿಕಾಯಿ. ಆಮೇಲಿನದೆಲ್ಲ ಅವಸರ. ಪಾಕ ಆರುವುದರೊಳಗೆ ತಟ್ಟೆಗೆ ಸುರಿದು, ತಟ್ಟಿ, ಸಮ ಮಾಡಿ, ಕೊಯ್ಯಬೇಕು. ಅತ್ತೆ ಸೊಸೆ ಇಬ್ಬರೂ ಮಾತು ನಿಲ್ಲಿಸಿದರು. ಒಬ್ಬರ ಕೈ ಎತ್ತುವಾಗ ಇನ್ನೊಬ್ಬರದು ಇಳಿಯುತ್ತಿತ್ತು. ಅಂಗಡಿಗೆ ಬಂದು ನಿಂತ ಗಿರಾಕಿಯೂ ಕಾದ.

ಕೈಯಲ್ಲಿದ್ದ ತುಂಡನ್ನು ನಿಧಾನವಾಗಿ ಅಗಿದೆ. ಮೈಸೂರು ಪಾಕ್ ನಾಲಿಗೆಯ ಮೇಲಿಟ್ಟರೆ ತಾನೇ ಕರಗುತ್ತದೆ. ಇದನ್ನು ಅಗಿಯಲೇಬೇಕು. ಮೊದಲು ಬೆಲ್ಲ, ಆಮೇಲೆ ಕೊಬ್ಬರಿ, ಬಹಳ ಹೊತ್ತಿನ ಮೇಲೆ ಅಂಟಿನ ಗರಿಗರಿ ಕರಗಿ ಸಣ್ಣ ಒಗರು ಉಳಿಯುತ್ತದೆ. ಆ ಒಗರು ನನಗೆ ಎಲ್ಲಕ್ಕಿಂತ ಹಿಡಿಸಿತು.

ತಟ್ಟೆ ನೋಡುತ್ತ ಒಂದು ಯೋಚನೆ ಬಂತು. ಇಷ್ಟು ಸಾಮಾನಿನಲ್ಲಿ ಈ ನೆಲದ್ದು ಯಾವುದು? ಕೊಬ್ಬರಿಗೆ ತಿಪಟೂರಿನ ಕಡೆ ನೋಡಬೇಕು, ಏಲಕ್ಕಿಗೆ ಮಲೆನಾಡಿನ ಕಡೆ, ಗೋಡಂಬಿಗೆ ಕರಾವಳಿಯ ಕಡೆ. ಬಾದಾಮಿ ಎಂಬ ಊರು ಇಲ್ಲೇ ಮಗ್ಗುಲಲ್ಲಿದ್ದರೂ ಬಾದಾಮಿ ಬೀಜ ದೂರದೇಶದ್ದು. ಉತ್ತತ್ತಿಯೂ ಹಾಗೇ. ಬೆಲ್ಲಕ್ಕೆ ಜಿಲ್ಲೆ ದಾಟಬೇಕಿಲ್ಲ, ಮಹಾಲಿಂಗಪುರದ ಬೆಲ್ಲದ ಪೇಟೆ ಇದೇ ಜಿಲ್ಲೆಯಲ್ಲಿದೆ. ಇನ್ನು ಉಳಿದದ್ದು ಅಂಟು. ಯಾರೂ ನೀರು ಹಾಕದೆ ಬೆಳೆಯುವ, ಎರೆಹೊಲದ ಬದುವಿನ ಮುಳ್ಳುಜಾಲಿಯ ಅಂಟು. ಸುಡಾನಿನಲ್ಲಿ ಇದೇ ಜಾಲಿಯ ಕುಲದ ಮರಗಳ ಅಂಟನ್ನು ಬಿಡಿಸಿ ಹೊರದೇಶಕ್ಕೆ ಮಾರುತ್ತಾರೆ, ಜಗತ್ತಿನ ತಂಪುಪಾನೀಯಗಳಲ್ಲಿ ಅದು ಸೇರುತ್ತದೆ. ಪಂಜಾಬಿನ ಪಂಜೀರಿ, ರಾಜಸ್ಥಾನದ ಗೋಂದ್ ಲಡ್ಡುಗಳಲ್ಲೂ ಅಂಟು ಇದೆ, ಅವೂ ಬಾಣಂತಿಯ ತಿನಿಸೇ. ತೈವಾನಿನ ಮನೆಗಳಲ್ಲಿ ಹೆತ್ತವಳಿಗೆ ತಿಂಗಳಿಡೀ ಶುಂಠಿ, ಎಳ್ಳೆಣ್ಣೆಯ ಬಿಸಿ ಅಡುಗೆ ಮಾಡಿ ಹಾಕುತ್ತಾರಂತೆ. ಹೆತ್ತವಳ ಮೈಗೆ ಕಾವು ಬೇಕು ಅನ್ನುವುದನ್ನು ಎಷ್ಟೋ ಕಡೆಯ ತಾಯಂದಿರು ತಮ್ಮ ನೆಲದಲ್ಲಿ ಸಿಕ್ಕಿದ್ದರಿಂದಲೇ ನಡೆಸಿದ್ದಾರೆ.

ಹೆಚ್ಚುತ್ತಿದ್ದ ಇಬ್ಬರಲ್ಲಿ ವಯಸ್ಸಾದ ಹೆಂಗಸನ್ನು ನಾನು ಸುಮ್ಮನೆ ಕೇಳಿದೆ, ನಿಮ್ಮ ಬಾಣಂತನದಲ್ಲಿ ಎಷ್ಟು ದಿನ ಕರದಂಟು ತಿಂದಿರಿ ಎಂದು. ಅವರು ಈಳಿಗೆಯಿಂದ ಕಣ್ಣೆತ್ತಲಿಲ್ಲ.

“ಎಲ್ಲೀದ್ರಿ ಅಕ್ಕಾರ. ಗೋಡಂಬಿ ನೋಡಿದ್ದ ಇಲ್ಲಿ ಕೆಲಸಕ್ಕ ಬಂದ ಮ್ಯಾಲ. ನಮ್ಮವ್ವ ಹೊಲಕ್ಕ ಹ್ವಾದಾಗ ಜಾಲಿಗಿಡದಾಗಿನ ಅಂಟ ಆರಿಸಿ ಸೆರಗಿನ ತುದ್ಯಾಗ ಕಟ್ಕೊಂಡ ಬರತಿದ್ಲು. ಎಣ್ಯಾಗ ಹುರದು, ಬೆಲ್ಲ ಹಾಕಿ, ಇದ್ರ ಕೊಬ್ರಿ, ಇಲ್ಲಂದ್ರ ಶೇಂಗಾ. ಹದಿನೈದ ದಿನಕ್ಕ ನಾನೂ ಹೊಲಕ್ಕ ಹೋಗೇನಿ.”

ದೂರು ಹೇಳುವ ದನಿ ಅಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿ ಮತ್ತೆ ಉತ್ತತ್ತಿ ಹೆಚ್ಚಿದರು. ಕೋಣೆಯಲ್ಲಿ ಯಾರೂ ತಕ್ಷಣ ಮಾತಾಡಲಿಲ್ಲ. ಒಲೆಯ ಮುಂದಿದ್ದ ಅತ್ತೆ ತಲೆ ಅಲ್ಲಾಡಿಸಿ, “ಖರೇ ಹೇಳಿದಿ. ಮೊದ್ಲ ಇದ್ದದ್ದ ಅಷ್ಟ. ಅಂಟು, ಬೆಲ್ಲ, ಕೊಬ್ರಿ. ಉಳದದ್ದೆಲ್ಲಾ ಗಿರಾಕಿ ಕೇಳಿದಂಗ ಬಂತು” ಎಂದರು. ಅವ್ವ ಸುಮ್ಮನೆ ಕೂತಿದ್ದರು. ಅವರ ನಲವತ್ತು ಉಂಡಿಯ ಲೆಕ್ಕ ನನಗೆ ನೆನಪಾಯಿತು, ಅವರಿಗೂ ಆಗಿರಬೇಕು.

ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಸಾದಾ, ಸ್ಪೆಷಲ್ ಎಂದು ಬೇರೆಬೇರೆ ಸಾಲುಗಳಿದ್ದವು. ಬೆಲೆ ಏರಿದಂತೆ ಗೋಡಂಬಿ ಬಾದಾಮಿ ಹೆಚ್ಚು, ಅಂಟು ಕಡಿಮೆ. ಮದುವೆಗೆ, ಹಬ್ಬಕ್ಕೆ, ಸಾಹೇಬರಿಗೆ ಕೊಡುವ ಡಬ್ಬಿಗೆ ಅದೇ ಹೋಗುತ್ತದೆ. ಅದರಲ್ಲಿ ತಪ್ಪು ಕಾಣಲು ನನಗೆ ಮನಸ್ಸಿಲ್ಲ. ಆ ಗಿರಾಕಿಯಿಂದಲೇ ಒಂದು ಮನೆಯ ಮೂರು ತಲೆಮಾರು ಒಂದೇ ಒಲೆಯ ಮುಂದೆ ಉಳಿದಿದೆ, ಮಗ ಊರು ಬಿಡದೆ ಚೀಟಿ ಅಂಟಿಸುತ್ತಿದ್ದಾನೆ. ಆದರೆ ತಿನಿಸಿನ ಹೆಸರಿನಲ್ಲೇ ಇರುವ ಅಂಟು ಸಾದಾ ಸಾಲಿಗೆ ಸರಿದದ್ದು ನನ್ನನ್ನು ಬಿಡದೆ ಚುಚ್ಚುತ್ತದೆ. ಹೊಲದ ಬದುವಿನಲ್ಲಿ ಅಂಟು ಬಿಡಿಸಿದ ಆ ತಾಯಿಯೂ ಈ ಕಸುಬಿನ ಹಿರಿಯಳೇ. ಅವಳ ಹೆಸರನ್ನು ಯಾವ ಬೋರ್ಡಿನ ಮೇಲೂ ಬರೆದಿಲ್ಲ. ಅರಮನೆಯ ಬಾಣಸಿಗನ ಹೆಸರು ನಮಗೆ ಗೊತ್ತು, ಅದು ಒಳ್ಳೆಯದೇ. ಎಷ್ಟೋ ಸಾವಿರ ಬಾಣಂತಿಯರನ್ನು ಎಬ್ಬಿಸಿ ನಿಲ್ಲಿಸಿದ ತಿನಿಸಿನ ಮೊದಲ ಕೈಗಳು ಹೆಸರಿಲ್ಲದವು.

ಅಮೀನಗಡದಿಂದ ಹೊರಟವರು ಹುನಗುಂದದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೂಡಲಸಂಗಮಕ್ಕೆ ಹೋಗಿ, ಕೃಷ್ಣೆ ಮಲಪ್ರಭೆ ಸೇರುವಲ್ಲಿ ಬಸವಣ್ಣನವರ ಐಕ್ಯಸ್ಥಳದ ಮೆಟ್ಟಿಲಿಳಿದು ಬಂದೆವು. ಸುತ್ತಲೂ ಹಿನ್ನೀರು, ನಡುವೆ ಬಾವಿಯ ಆಳದಲ್ಲಿ ಲಿಂಗ. ಅವ್ವನಿಗೆ ಆ ನೀರು ನೋಡಿದಾಗೆಲ್ಲ ತಮ್ಮ ಓಣಿ ನೆನಪಾಗುತ್ತದಂತೆ. ಹೆಚ್ಚು ಮಾತಾಡಲಿಲ್ಲ.

ಇಳಕಲ್ಲಿಗೆ ಬಂದಾಗ ಸಂಜೆ. ಓಣಿಯ ತುಂಬ ಮಗ್ಗದ ಸದ್ದು. ಬೀಗರ ಮನೆಯ ಮುಂದಿನ ಮನೆಯಲ್ಲಿ ಒಬ್ಬ ಹೆಂಗಸು ನೆಲಕ್ಕೆ ಕೂತು ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಹಾಸೆಳೆ ಹತ್ತಿಯದು, ಸೆರಗಿನದು ರೇಷ್ಮೆಯದು. ಎರಡೂ ಹಾಸನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸಬೇಕು, ಒಂದೊಂದು ಸೀರೆಗೂ ಹೊಸದಾಗಿ. ಕತ್ತಲಾಗುವ ಹೊತ್ತಿಗೂ ಅವಳ ಬೆರಳು ತಪ್ಪುತ್ತಿರಲಿಲ್ಲ. ಈ ಜೋಡಣೆ ಬಿಟ್ಟರೆ ಉಳಿಯುವುದು ಬರೀ ಬಣ್ಣ, ಇಳಕಲ್ ಸೀರೆ ಅಲ್ಲ ಎಂದಳು ಗೆಳತಿ.

ಕುಬುಸದ ದಿನ ಹುಡುಗಿಗೆ ಹಸಿರು ಇಳಕಲ್ ಸೀರೆ, ಟೋಪತೆನಿಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ಕುಬುಸ, ಮೊಳಕೈವರೆಗೆ ಹಸಿರು ಬಳೆ. ಹೆಂಗಸರೆಲ್ಲ ಸುತ್ತ ಕೂತು ಹಾಡಿದರು. ಊಟಕ್ಕೆ ಹೋಳಿಗೆ, ಕರಿಗಡಬು, ಕಟ್ಟಿನ ಸಾರು. ಆಮೇಲೆ ಉಡಿ ತುಂಬಿದರು. ನಮ್ಮ ಕಡೆಯ ಮಡಿಲಕ್ಕಿಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇರುತ್ತದೆ. ಇಲ್ಲಿ ಕೊಬ್ಬರಿ ಬಟ್ಟಲು, ಉತ್ತತ್ತಿ, ಬಾದಾಮಿ, ಅಡಿಕೆ, ಅರಿಷಿಣದ ಕೊಂಬು, ಬೆಲ್ಲದ ಅಚ್ಚು. ಬಂದವರೆಲ್ಲ ಹಾಕುತ್ತ ಹೋದಂತೆ ಸೆರಗು ಭಾರವಾಯಿತು, ಹುಡುಗಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಂದಿನ ದಿನ ಅಮೀನಗಡದ ತಟ್ಟೆಯಲ್ಲಿ ನೋಡಿದ್ದ ಕೊಬ್ಬರಿ, ಉತ್ತತ್ತಿ, ಬಾದಾಮಿ, ಬೆಲ್ಲ ಅವಳ ಮಡಿಲಿನಲ್ಲಿದ್ದವು. ಇಷ್ಟೆಲ್ಲ ಏನು ಮಾಡುತ್ತೀರಿ ಎಂದು ಬೀಗಿತಿಯನ್ನು ಕೇಳಿದೆ. “ಏನ ಮಾಡೂದರಿ, ಕುಟ್ಟಿ ಆಕಿಗೇ ಉಂಡಿ ಮಾಡೂದು. ಮಂದಿ ಉಡ್ಯಾಗ ಹಾಕಿದ್ದು ಆಕಿ ಹೊಟ್ಟಿಗೇ ಹೋಗಬೇಕು. ನಮ್ಮತ್ತಿ ಹಂಗ ಮಾಡಿದ್ರು” ಎಂದರು. ಈಗ ಮಾಡುತ್ತೀರಾ ಎಂದರೆ ನಕ್ಕು ಸುಮ್ಮನಾದರು.

ಬಾಗಿಲಲ್ಲಿ ಕೂತಿದ್ದ ಅವ್ವ ಈ ಮಾತು ಕೇಳಿಸಿಕೊಂಡಿದ್ದರು. ಹೆಂಗಸರು ಎದ್ದುಹೋದ ಮೇಲೆ ಮೊಮ್ಮಗಳ ಉಡಿಯ ಕೊಬ್ಬರಿ, ಉತ್ತತ್ತಿ, ಬಾದಾಮಿಯನ್ನೆಲ್ಲ ಒಂದು ಬಿಳಿ ಪಂಚೆಯ ಮೇಲೆ ಸುರಿದು, ಅಡಿಕೆ ಅರಿಷಿಣ ಬೇರೆ ಮಾಡಿ, ಉಳಿದದ್ದನ್ನು ಗಂಟು ಕಟ್ಟಿದರು. ಗೆಳತಿಗೆ ಅಮೀನಗಡದ ಅಂಗಡಿಗೆ ಫೋನ್ ಹಚ್ಚಲು ಹೇಳಿದರು. ಕಿವಿ ಸ್ವಲ್ಪ ಮಂದ, ಅದಕ್ಕೆ ದನಿ ಎತ್ತಿ ಮಾತಾಡುತ್ತಾರೆ, ಓಣಿಗೆಲ್ಲ ಕೇಳಿಸಿತು.

“ಹಲೋ, ನಾನವಾ, ನಿನ್ನೆ ಬಂದಿದ್ನೆಲ್ಲಾ. ಯುಗಾದಿ ಆದಮ್ಯಾಲ ನಮ್ಮ ಹುಡುಗಿಗೆ ಬೇಕು. ಕೊಬ್ರಿ, ಉತ್ತತ್ತಿ, ಬದಾಮಿ ನಮ್ಮವ ಅದಾವು, ನಾಳೆ ಬರೂಮುಂದ ಕೊಟ್ಟ ಹೋಗತೇವಿ. ಗೋಡಂಬಿ ಬ್ಯಾಡ, ಪಿಸ್ತಾ ಬ್ಯಾಡ. ಅಂಟ ಜಾಲೀದ ಇರ್ಲಿ, ಹೆಚ್ಚಿಗಿ ಹಾಕ್ರಿ. ನಿಮ್ಮಲ್ಲಿ ಉತ್ತತ್ತಿ ಹೆಚ್ಚತಾಳಲ್ಲಾ, ಆಕೀನ್ನ ಕೇಳ್ರಿ, ಅವರವ್ವ ಎಷ್ಟ ಅಂಟ ಹಾಕತಿದ್ಲು ಅಂತ. ಆಕಿ ಹೇಳಿದಷ್ಟ ಹಾಕ್ರಿ. ಎರಡ ಪಾಲ ಮಾಡ್ರಿ. ಒಂದ ನಮಗ, ಒಂದ ಆಕಿ ಮನೀಗೆ. ರೊಕ್ಕ ಎರಡಕ್ಕೂ ನಾನ ಕೊಡಾಕಿ.”